ಕಾರಿನ ಬಾಗಿಲು ನಿಮ್ಮದು, ಗಾಜು ಊರಿನದು

ಪ್ರಶ್ನೆ: ನನಗೆ 28 ವರ್ಷ, ಊರು ಕಾರವಾರ, ಕೆಲಸ ಗೋವಾದಲ್ಲಿ. ಅಂಕೋಲೆ ಕಡೆಯ ಹುಡುಗಿಯ ಜೊತೆ ನಿಶ್ಚಿತಾರ್ಥ ಆಗಿದೆ, ತುಳಸಿ ಲಗ್ನ ಕಳೆದ ಮೇಲೆ ಮದುವೆ. ಕಳೆದ ಭಾನುವಾರ ಸಂಜೆ ಏಳೂವರೆ ಸುಮಾರಿಗೆ ಮಾಜಾಳಿ ಕಡೆ ಗಾಳಿಮರಗಳ ನಡುವೆ ನನ್ನ ಕಾರು ನಿಲ್ಲಿಸಿಕೊಂಡು ಇಬ್ಬರೇ ಕೂತಿದ್ದೆವು. ಮುತ್ತು ಕೊಟ್ಟುಕೊಂಡದ್ದು ನಿಜ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಬೈಕಿನಲ್ಲಿ ಬಂದ ಇಬ್ಬರು ಗಾಜಿಗೆ ಟಾರ್ಚ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರು. ಒಬ್ಬ ಖಾಕಿ ಪ್ಯಾಂಟಿನಲ್ಲಿದ್ದ, ಅಂಗಿ ಬೇರೆ. ‘ಇದು 294 ಕೇಸು, ಏಳು ವರ್ಷ ಜೈಲು, ಈಗಲೇ ಅಪ್ಪ ಅಮ್ಮನಿಗೆ ಫೋನ್ ಮಾಡುತ್ತೇವೆ’ ಎಂದರು. ಹೆದರಿ 6,000 ರೂಪಾಯಿ ಫೋನ್‌ಪೇ ಮಾಡಿದೆ. ನಮ್ಮದೇ ಕಾರಿನೊಳಗೆ ಇದು ಅಪರಾಧವೇ? ಅವರು ಮತ್ತೆ ದುಡ್ಡು ಕೇಳಿದರೆ ಏನು ಮಾಡಲಿ?

ಉತ್ತರ: ಇನ್ನೂರ ತೊಂಬತ್ನಾಲ್ಕು ಎಂದರಲ್ಲ, ಅಲ್ಲೇ ಅವರ ಬಂಡವಾಳ ಗೊತ್ತಾಯಿತು. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಸಾರ್ವಜನಿಕ ಸ್ಥಳದ ಅಶ್ಲೀಲ ವರ್ತನೆಗೆ ಕಲಂ 294 ಇತ್ತು, ಸರಿ. ಆ ಪುಸ್ತಕ 2024ರ ಜುಲೈ 1ಕ್ಕೆ ಮುಚ್ಚಿತು. ಈಗಿರುವುದು ಭಾರತೀಯ ನ್ಯಾಯ ಸಂಹಿತೆ, ಅದರಲ್ಲಿ ಈ ಅಪರಾಧದ ನಂಬರು 296. ಹೊಸ ಸಂಹಿತೆಯ 294 ಅಶ್ಲೀಲ ಪುಸ್ತಕ, ಚಿತ್ರಗಳ ಮಾರಾಟಕ್ಕೆ ಸಂಬಂಧಿಸಿದ್ದು. ನೀವೇನೂ ಗಾಳಿಮರದ ಕೆಳಗೆ ಪುಸ್ತಕದ ಅಂಗಡಿ ಇಟ್ಟಿರಲಿಲ್ಲ ಎಂದುಕೊಳ್ಳುತ್ತೇನೆ.

ಏಳು ವರ್ಷ ಎಂಬುದಂತೂ ಶುದ್ಧ ಸುಳ್ಳು. ಕಲಂ 296ಕ್ಕೆ ಇರುವ ಗರಿಷ್ಠ ಶಿಕ್ಷೆ ಮೂರು ತಿಂಗಳು, ಇಲ್ಲವೇ 1,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಅಂದರೆ ಕೋರ್ಟು ನಿಮ್ಮನ್ನು ತಪ್ಪಿತಸ್ಥ ಎಂದು ಕಂಡಿದ್ದರೂ ಹಾಕಬಹುದಾದ ದಂಡದ ಆರು ಪಟ್ಟು ದುಡ್ಡನ್ನು ನೀವು ಕತ್ತಲಲ್ಲಿ ನಿಂತು ಕಟ್ಟಿ ಬಂದಿದ್ದೀರಿ. ತಮಾಷೆಯೆಂದರೆ ಏಳು ವರ್ಷದ ಕಲಂ ಒಂದು ಆ ಸಂಜೆ ಅಲ್ಲಿ ಇದ್ದೇ ಇತ್ತು, ಆದರೆ ಅದು ಕಾರಿನ ಹೊರಗೆ ನಿಂತವರಿಗೆ ಅನ್ವಯಿಸುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಮೂಲ ಪ್ರಶ್ನೆ. ನನ್ನ ಕಾರು ನನ್ನ ಮನೆ ಇದ್ದ ಹಾಗೆ ಅಲ್ಲವೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಎರಡು ಸಲ ಹೋಗಿದೆ, ಎರಡು ಸಲವೂ ಬೇರೆ ಬೇರೆ ಉತ್ತರ ಬಂದಿದೆ. 2019ರಲ್ಲಿ ಬಿಹಾರದ ಮದ್ಯನಿಷೇಧದ ಪ್ರಕರಣ. ಜಾರ್ಖಂಡಿನ ಗಿರಿಡಿಯಿಂದ ಪಟ್ನಾಕ್ಕೆ ಸ್ವಂತ ವಾಹನದಲ್ಲಿ ಹೊರಟವರನ್ನು ಗಡಿಯ ಚೆಕ್‌ಪೋಸ್ಟಿನಲ್ಲಿ ತಡೆದಿದ್ದರು. ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನದೊಳಗೆ ಕೂರುವ ಹಕ್ಕು ಜನರಿಗೆ ಇಲ್ಲದಿರಬಹುದು, ಆದರೆ ಅದರ ಹತ್ತಿರ ಹೋಗುವ ಅವಕಾಶ ಇದೆ, ಹಾಗಾಗಿ ಆ ಕಾಯ್ದೆಯ ಮಟ್ಟಿಗೆ ಅದೂ ಸಾರ್ವಜನಿಕ ಸ್ಥಳವೇ ಎಂದಿತು ಕೋರ್ಟು. 2021ರಲ್ಲಿ ಹರಿಯಾಣದ ಬೂಟಾ ಸಿಂಗ್ ಪ್ರಕರಣ, ಜೀಪಿನಲ್ಲಿ ಮಾದಕ ವಸ್ತು ಸಿಕ್ಕಿದ್ದು. ಅಲ್ಲಿ ಅದೇ ಸುಪ್ರೀಂ ಕೋರ್ಟು, ಖಾಸಗಿ ವಾಹನ ಸಾರ್ವಜನಿಕ ಸ್ಥಳದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಹೇಳಿ ಆರೋಪಿಗಳನ್ನು ಬಿಟ್ಟಿತು. ಅದೇ ತಿಂಗಳು ದೆಹಲಿ ಹೈಕೋರ್ಟು, ಕೊರೊನಾ ಕಾಲದ ಮಾಸ್ಕ್ ನಿಯಮದ ವಿಷಯದಲ್ಲಿ, ಒಬ್ಬನೇ ಕೂತು ಓಡಿಸುವ ಕಾರು ಕೂಡ ಸಾರ್ವಜನಿಕ ಸ್ಥಳ ಎಂದಿತ್ತು.

ಇದರಲ್ಲಿ ವಿರೋಧಾಭಾಸ ಕಾಣುತ್ತದೆ, ಆದರೆ ಇಲ್ಲ. ಪ್ರತಿ ಕಾಯ್ದೆಯೂ ತನ್ನ ಕೆಲಸಕ್ಕೆ ತಕ್ಕ ಹಾಗೆ ‘ಸಾರ್ವಜನಿಕ’ ಎಂಬ ಪದವನ್ನು ಹೊಲಿಸಿಕೊಂಡಿದೆ, ಒಂದರ ಅಂಗಿ ಇನ್ನೊಂದಕ್ಕೆ ಹಿಡಿಯುವುದಿಲ್ಲ. ಕಲಂ 296ರ ಅಂಗಿ ಯಾವುದು ಎಂದು ನೋಡಿದರೆ, ಅದರಲ್ಲಿ ಮೂರು ಮಾತು ಸೇರಬೇಕು: ಕೃತ್ಯ ಅಶ್ಲೀಲವಾಗಿರಬೇಕು, ಸಾರ್ವಜನಿಕ ಸ್ಥಳದಲ್ಲಿ ಆಗಿರಬೇಕು, ಅದರಿಂದ ಬೇರೆಯವರಿಗೆ ಕಿರಿಕಿರಿ ಆಗಿರಬೇಕು. ಠಾಣೆಯಲ್ಲಿ ಮೊದಲ ಎರಡನ್ನು ಬರೆಯುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಕೋರ್ಟಿನಲ್ಲಿ ಕೇಸು ಬಿದ್ದು ಹೋಗುವುದು ಸಾಮಾನ್ಯವಾಗಿ ಆ ಮೂರನೆಯದರಲ್ಲೇ. ‘ನನಗೆ ಕಂಡಿತು, ಮುಜುಗರವಾಯಿತು’ ಎಂದು ಬಂದು ಹೇಳುವ ಸಾಕ್ಷಿ ಎಲ್ಲಿ?

ಹಾಗಾಗಿ ನನ್ನ ಕಕ್ಷಿದಾರರಿಗೆ ನಾನು ಹೇಳುವುದು ಇಷ್ಟು: ಕಾರಿನ ಬಾಗಿಲು ನಿಮ್ಮದು, ಗಾಜು ಊರಿನದು. ಟ್ಯಾಗೋರ್ ಕಡಲತೀರದ ಎದುರು, ಭಾನುವಾರ ಸಂಜೆ, ಮಕ್ಕಳು ಮರಿ ಗಿರ್ಮಿಟ್ ತಿನ್ನುತ್ತ ಓಡಾಡುವಲ್ಲಿ ಕಾರು ನಿಲ್ಲಿಸಿಕೊಂಡರೆ ಒಳಗಿನದೆಲ್ಲ ಹೊರಗಿನವರಿಗೆ ಕಾಣುತ್ತದೆ. ಅಲ್ಲಿ ‘ಇದು ನನ್ನ ಕಾರು’ ಎಂಬ ವಾದ ನಡೆಯದು. ಅದೇ ಕಾರು ಕತ್ತಲಲ್ಲಿ, ಜನಸಂಚಾರ ಇಲ್ಲದ ಕಡೆ ನಿಂತಿದ್ದು, ಒಳಗೆ ಏನಿದೆ ಎಂದು ತಿಳಿಯಲು ಯಾರೋ ಬೈಕ್ ಇಳಿದು, ಹತ್ತು ಹೆಜ್ಜೆ ನಡೆದು, ಗಾಜಿಗೆ ಟಾರ್ಚ್ ಒತ್ತಿ ಹಿಡಿಯಬೇಕಾಯಿತು ಎಂದಾದರೆ? ಅವನು ದಾರಿಯಲ್ಲಿ ಹೋಗುತ್ತಿದ್ದು ಮುಜುಗರಪಟ್ಟವನಲ್ಲ, ಮುಜುಗರವನ್ನು ಹುಡುಕಿಕೊಂಡು ಬಂದವನು. ನಿಮ್ಮ ಪ್ರಕರಣದಲ್ಲಿ ಆ ಟಾರ್ಚೇ ನಿಮ್ಮ ಪರವಾದ ಅತ್ಯುತ್ತಮ ಸಾಕ್ಷಿ.

ಇನ್ನು ಮುತ್ತು ಅಶ್ಲೀಲವೇ? 2009ರಲ್ಲಿ ದೆಹಲಿಯ ಮೆಟ್ರೊ ಕಂಬದ ಹತ್ತಿರ ಮುತ್ತು ಕೊಟ್ಟುಕೊಂಡರೆಂದು ಯುವ ದಂಪತಿಯ ಮೇಲೆ ಹಾಕಿದ್ದ ಇದೇ ಕಲಮಿನ ಕೇಸನ್ನು ಅಲ್ಲಿನ ಹೈಕೋರ್ಟು ರದ್ದು ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು, ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವಿ ಪತ್ನಿಯ ಜೊತೆ ಬೆತ್ತಲಾಗಿ ತೆಗೆಸಿಕೊಂಡ ಫೋಟೋ ಅಚ್ಚಾದ ಪ್ರಕರಣದಲ್ಲಿ, ಅಶ್ಲೀಲವೋ ಅಲ್ಲವೋ ಎಂಬುದನ್ನು ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ಅಳೆಯಬೇಕು, ಅತಿ ಸೂಕ್ಷ್ಮ ಮನಸ್ಸಿನವರ ಕಣ್ಣಿನಿಂದಲ್ಲ ಎಂದಿತು. ಅದಕ್ಕೂ ಮುಂಚೆ ನಡೆಯುತ್ತಿದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಅಳತೆಗೋಲು. ಹಾಗಾಗಿ ನೀವು ಮಾಡಿದ್ದಷ್ಟೇ ಆಗಿದ್ದರೆ ಅದು ಅಪರಾಧವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದರೆ ಕೇಸು ಗೆಲ್ಲುವುದು ಬೇರೆ, ಕೇಸೇ ಇಲ್ಲದಿರುವುದು ಬೇರೆ. ನಮ್ಮ ಕರಾವಳಿಯವರೇ ಆದ, ಮಂಗಳೂರು ಮೂಲದ ಶಿಲ್ಪಾ ಶೆಟ್ಟಿಯವರನ್ನು 2007ರಲ್ಲಿ ವೇದಿಕೆಯೊಂದರಲ್ಲಿ ಹಾಲಿವುಡ್ ನಟ ರಿಚರ್ಡ್ ಗೇರ್ ತಬ್ಬಿ ಮುತ್ತಿಟ್ಟದ್ದು ನೆನಪಿರಬಹುದು. ಮುತ್ತಿಟ್ಟವರು ಅವರು, ಕೇಸು ಬಿದ್ದದ್ದು ಇವರ ಮೇಲೂ. ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟು ಶಿಲ್ಪಾರನ್ನು ಆರೋಪದಿಂದ ಬಿಡುಗಡೆ ಮಾಡಿದ್ದು 2022ರ ಜನವರಿಯಲ್ಲಿ. ಹೆಚ್ಚುಕಡಿಮೆ ಹದಿನೈದು ವರ್ಷ. ಅವರಿಗೆ ವಕೀಲರ ಫೀ ಕಟ್ಟುವ ತಾಕತ್ತಿತ್ತು.

ನೀವು ಕೇಳಿಲ್ಲ, ಆದರೆ ಓದುವ ಬೇರೆಯವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ: ಇನ್ನೂ ಮುಂದಕ್ಕೆ ಹೋಗಿದ್ದರೆ? ಇಬ್ಬರು ವಯಸ್ಕರ ನಡುವೆ ಒಪ್ಪಿಗೆಯಿಂದ ನಡೆಯುವ ದೈಹಿಕ ಸಂಬಂಧ, ಮದುವೆ ಆಗಿರಲಿ ಬಿಡಲಿ, ಈ ದೇಶದಲ್ಲಿ ಅಪರಾಧವಲ್ಲ. 2010ರಲ್ಲಿ ನಟಿ ಖುಷ್ಬೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. 2018ರ ತೀರ್ಪಿನ ನಂತರ ಗಂಡು ಗಂಡು, ಹೆಣ್ಣು ಹೆಣ್ಣು ಎಂಬ ಭೇದವೂ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಈ ಹಕ್ಕೆಲ್ಲ ಗಾಜಿನ ಒಳಗಿನದು. ಬಟ್ಟೆ ಕಳಚಿದ ಸ್ಥಿತಿ ದಾರಿಹೋಕರಿಗೆ ಕಂಡಿತು ಎಂದಾದರೆ ಆಗ ಅಶ್ಲೀಲ ಅಲ್ಲ ಎಂದು ವಾದಿಸಲು ನನಗೂ ನಾಲಿಗೆ ಏಳುವುದಿಲ್ಲ. 296 ನೇರವಾಗಿ ಹಿಡಿಯುತ್ತದೆ. ಇನ್ನೊಂದು, ಇಬ್ಬರಲ್ಲಿ ಒಬ್ಬರಿಗೆ 18 ತುಂಬಿಲ್ಲದಿದ್ದರೆ ಈ ಉತ್ತರ ಅವರಿಗಲ್ಲ. ಅಲ್ಲಿ ಪೋಕ್ಸೊ ಬರುತ್ತದೆ, ಒಪ್ಪಿಗೆ ಎಂಬ ಮಾತಿಗೆ ಬೆಲೆಯೇ ಇಲ್ಲ, ಶಿಕ್ಷೆ ವರ್ಷಗಳ ಲೆಕ್ಕ.

ನಿಜವಾದ ಪೊಲೀಸರೇ ಬಂದಿದ್ದರೆ ಏನಾಗುತ್ತಿತ್ತು? ಬೀಟಿನ ಪೊಲೀಸರು ಹೆಚ್ಚಿನ ಸಲ ಗಾಜು ತಟ್ಟಿ ‘ಲೇಟಾಯ್ತು, ಹೊರಡಿ’ ಎನ್ನುತ್ತಾರೆ. ಹೊರಟುಬಿಡಿ. ಅಲ್ಲಿ ಪುಟ್ಟಸ್ವಾಮಿ ತೀರ್ಪು ಓದಬೇಡಿ. ಆ ನಿರ್ಜನ ಜಾಗದಲ್ಲಿ ನಿಮ್ಮನ್ನು ಎಬ್ಬಿಸುವುದರಲ್ಲಿ ಕಾಳಜಿಯೂ ಇರುತ್ತದೆ, ಅದಕ್ಕೆ ಕಾರಣವಾದವರನ್ನು ನೀವೇ ಭಾನುವಾರ ನೋಡಿದ್ದೀರಿ. ಸಮವಸ್ತ್ರದಲ್ಲಿರುವ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು. ಹೆಸರು, ವಿಳಾಸ ಸುಳ್ಳು ಹೇಳಬೇಡಿ.

ಕೇಸು ಹಾಕುತ್ತೇವೆಂದರೆ, 296 ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಜಾಮೀನು ಹಕ್ಕಾಗಿ ಸಿಗುವಂಥದ್ದು, ಠಾಣೆಯಲ್ಲೇ ಕೊಡಬೇಕು. ಇಷ್ಟು ಸಣ್ಣ ಶಿಕ್ಷೆಯ ಪ್ರಕರಣದಲ್ಲಿ ಬಂಧನದ ಬದಲು ಹಾಜರಾಗಲು ನೋಟಿಸ್ ಕೊಡುವುದೇ ಕ್ರಮ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಅಪರೂಪದ ಸಂದರ್ಭವೆಂದರೂ ಮಹಿಳಾ ಅಧಿಕಾರಿಯೇ ಬೇಕು, ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು. ‘ಅಪ್ಪ ಅಮ್ಮನಿಗೆ ಫೋನ್’ ಎಂಬ ಬೆದರಿಕೆಗೆ ಎಲ್ಲರೂ ಕರಗಿಬಿಡುತ್ತಾರೆ. ಬಂಧನವಾದರೆ ಯಾರಿಗೆ ತಿಳಿಸಬೇಕೆಂದು ಹೆಸರಿಸುವ ಹಕ್ಕು ಬಂಧಿತರದು. ಅಪ್ಪನೇ ಆಗಬೇಕೆಂದಿಲ್ಲ. ಗೆಳೆಯ ಆಗಬಹುದು, ವಕೀಲರಾಗಬಹುದು.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಹೇಳಬೇಕು. ‘ಐನೂರೋ ಸಾವಿರವೋ ದಂಡ, ತಪ್ಪೊಪ್ಪಿಕೊಂಡು ಕಟ್ಟಿ ಬಂದುಬಿಡಿ’ ಎಂದು ಸಲಹೆ ಕೊಡುವವರು ಕೋರ್ಟಿನ ವರಾಂಡದಲ್ಲೇ ಸಿಗುತ್ತಾರೆ. ದಂಡ ಸಣ್ಣದು, ಆದರೆ ಕಾಗದದ ಮೇಲೆ ಅದು ಅಪರಾಧ ಸಾಬೀತಾದ ದಾಖಲೆ. ನಾಳೆ ಸರ್ಕಾರಿ ನೌಕರಿಯ ಅರ್ಜಿಯಲ್ಲಿ, ನೌಕಾನೆಲೆಯ ಅಥವಾ ಕೈಗಾದ ಗೇಟ್‌ಪಾಸಿನ ಪರಿಶೀಲನೆಯಲ್ಲಿ ಆ ಪ್ರಶ್ನೆ ಬರುತ್ತದೆ, ‘ಇಲ್ಲ’ ಎಂದು ಬರೆದರೆ ಸುಳ್ಳಾಗುತ್ತದೆ. ಕಾರವಾರದ ಹುಡುಗರಿಗೆ ಇದು ಸಣ್ಣ ಮಾತಲ್ಲ. ಇನ್ನು ಮೂರು ತಿಂಗಳ ಶಿಕ್ಷೆಯ ಅಪರಾಧವನ್ನು ಒಂದು ವರ್ಷದೊಳಗೆ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕು, ಸಾಮಾನ್ಯವಾಗಿ ಆಮೇಲೆ ಎತ್ತಿಕೊಳ್ಳುವಂತಿಲ್ಲ. ‘ಯಾವತ್ತು ಬೇಕಾದರೂ ಕೇಸು ಹಾಕುತ್ತೇವೆ’ ಎಂದು ಆ ಇಬ್ಬರು ಹೇಳಿದರೆ ಇದು ನೆನಪಿರಲಿ.

ಈಗ ಆ ಆರು ಸಾವಿರ. ಬಂದವರು ಪೊಲೀಸರೋ ಅಲ್ಲವೋ ಎಂಬುದರ ಮೇಲೆ ದಾರಿ ಎರಡಾಗುತ್ತದೆ. ಖಾಕಿ ಪ್ಯಾಂಟಿಗೆ ಬೇರೆ ಅಂಗಿ, ಹೆಸರಿನ ಪಟ್ಟಿ ಇಲ್ಲ, ರಸೀದಿ ಇಲ್ಲ, ದುಡ್ಡು ಹೋದದ್ದು ಯಾರದೋ ಖಾತೆಗೆ. ನನಗೆ ಅವರು ಪೊಲೀಸರು ಅನಿಸುವುದಿಲ್ಲ. ಹಾಗಿದ್ದರೆ ಹೆದರಿಸಿ ದುಡ್ಡು ಕಿತ್ತದ್ದು ಸುಲಿಗೆ, ನ್ಯಾಯ ಸಂಹಿತೆಯ ಕಲಂ 308. ಏಳು ವರ್ಷದವರೆಗೆ ಶಿಕ್ಷೆ ಎಂದು ಮೇಲೆ ಹೇಳಿದ್ದು ಇದನ್ನೇ, ಹಳೆಯ ಕಾನೂನಿನಲ್ಲಿ ಮೂರೇ ಇತ್ತು. ಪೊಲೀಸರೆಂದು ಸೋಗು ಹಾಕಿದ್ದಕ್ಕೆ ಕಲಂ 204, ಆರು ತಿಂಗಳಿಗೆ ಕಡಿಮೆ ಇಲ್ಲ, ಮೂರು ವರ್ಷದವರೆಗೆ.

ಒಂದು ವೇಳೆ ನಿಜವಾದ ಪೊಲೀಸನೇ ಆಗಿದ್ದರೆ ಅದು ಲಂಚ. ಲಂಚದ ಕಾನೂನಿನಲ್ಲಿ 2018ರಿಂದ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟೆ ಎನ್ನುವವರು ಏಳು ದಿನದೊಳಗೆ ಅಧಿಕಾರಿಗಳಿಗೆ ತಿಳಿಸಿದರೆ ಮಾತ್ರ ರಕ್ಷಣೆ. ಈ ಏಳು ದಿನದ ಮಾತು ಊರಲ್ಲಿ ಯಾರಿಗೂ ಗೊತ್ತಿಲ್ಲ. ಅಚ್ಚಾಗುವವರೆಗೆ ಕಾದರೆ ದಿನ ಕಳೆಯುತ್ತದೆಂದೇ ನಿಮ್ಮ ಪತ್ರ ಸಿಕ್ಕ ಮಧ್ಯಾಹ್ನವೇ ಫೋನ್ ಮಾಡಿ ಇದೊಂದನ್ನು ಮೊದಲು ಹೇಳಿದ್ದೆ. 2001ರಲ್ಲಿ ವಡೋದರಾದ ಟೌನ್‌ಶಿಪ್ ಒಂದರಲ್ಲಿ ರಾತ್ರಿ ಪಾಳಿಯ ಸಿಐಎಸ್ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾನ್‌ಸ್ಟೆಬಲ್ ಒಬ್ಬ ಬೈಕಿನಲ್ಲಿ ಹೋಗುತ್ತಿದ್ದ, ನಿಶ್ಚಿತಾರ್ಥವಾಗಿದ್ದ ಜೋಡಿಯನ್ನು ತಡೆದು ಕಾಡಿ, ಹುಡುಗನ ಕೈಗಡಿಯಾರ ಕಿತ್ತುಕೊಂಡಿದ್ದ. ಅವನನ್ನು ನೌಕರಿಯಿಂದ ತೆಗೆದದ್ದು ಸರಿ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನೈತಿಕ ಪೊಲೀಸ್‌ಗಿರಿ ಮಾಡುವುದು ಪೊಲೀಸರ ಕೆಲಸವಲ್ಲ ಎಂಬ ಮಾತು ಆ ತೀರ್ಪಿನಲ್ಲೇ ಇದೆ. ಒಂದು ಗಡಿಯಾರಕ್ಕೆ ಒಂದು ನೌಕರಿ.

ಫೋಟೋದ ವಿಷಯ ಸ್ವಲ್ಪ ನಾಜೂಕು. ಹೆಣ್ಣುಮಕ್ಕಳ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಕಲಂ 77ರ ಅಪರಾಧ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ. ಆದರೆ ಅಲ್ಲಿ ‘ತನ್ನನ್ನು ಯಾರೂ ನೋಡುವುದಿಲ್ಲ ಎಂದು ಸಹಜವಾಗಿ ನಂಬಬಹುದಾದ ಸ್ಥಿತಿ’ ಇರಬೇಕು, ಮತ್ತು ಕೃತ್ಯವೂ ಕಾನೂನು ‘ಖಾಸಗಿ’ ಎನ್ನುವಂಥದ್ದಾಗಿರಬೇಕು. ಮುತ್ತಿನ ಫೋಟೋ ಅದರೊಳಗೆ ಬರುತ್ತದೆಂದು ನಾನು ಪಂಥ ಕಟ್ಟಲಾರೆ. ಮತ್ತೆ ಅದೇ ಗಾಜಿಗೆ ಬಂದೆವು ನೋಡಿ: ಕಾರು ಬಯಲಿದ್ದ ಹಾಗೆ ಎಂದರೆ ಫೋಟೋ ತೆಗೆದವರ ಮೇಲೆ 77 ನಿಲ್ಲುವುದಿಲ್ಲ, ಕಾರು ಮರೆಯಲ್ಲಿತ್ತು ಎಂದರೆ ನಿಮ್ಮ ಮೇಲೆ 296 ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಯಾರೂ ನಡೆಯಲಾಗದು. ಫೋಟೋ ಹಂಚುತ್ತೇವೆ ಎಂದು ಬೆದರಿಸಿ ದುಡ್ಡು ಕೇಳಿದರೆ ಮಾತ್ರ ಈ ಸಂದೇಹವೇ ಬೇಡ, ಅದು ನೇರ ಸುಲಿಗೆ.

ಈ ಅನುಭವದ ನಂತರ ಕಾರಿಗೆ ಕಪ್ಪು ಫಿಲ್ಮ್ ಹಚ್ಚಿಸಿಬಿಡೋಣ ಅನಿಸಬಹುದು. ಬೇಡ. ಮುಂದಿನ ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಹಾಯಬೇಕು ಎಂಬುದು ನಿಯಮ, 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮಿಗೇ ಕತ್ತರಿ ಹಾಕಿತು. ಪೊಲೀಸರ ಕಣ್ಣು ಮೊದಲು ಬೀಳುವುದು ಅಂಥ ಗಾಡಿಯ ಮೇಲೆ. ಗಾಜು ಪೂರ್ತಿ ಏರಿಸಿ, ಎಂಜಿನ್ ಚಾಲೂ ಇಟ್ಟು, ಏಸಿ ಹಾಕಿಕೊಂಡು ಗಂಟೆಗಟ್ಟಲೆ ಕೂರುವುದೂ ಬೇಡ, ಅದು ಕಾನೂನಿನ ಮಾತಲ್ಲ, ಜೀವದ ಮಾತು. ಹಳೆಯ ಗಾಡಿಯ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೇರಿದರೆ ವಾಸನೆಯೇ ಬರುವುದಿಲ್ಲ, ಎಚ್ಚರ ತಪ್ಪುವುದೊಂದೇ.

ಜಾಗದ ಆಯ್ಕೆಯಲ್ಲಿ ನಮ್ಮ ಜಿಲ್ಲೆಗೆ ಅದರದೇ ಕಟ್ಟುಪಾಡುಗಳಿವೆ. ಅರ್ಗಾ, ಬಿಣಗಾ ಕಡೆ ನೌಕಾನೆಲೆಯ ಬೇಲಿಯ ಹತ್ತಿರ ಕತ್ತಲಲ್ಲಿ ಕಾರು ನಿಲ್ಲಿಸಿದರೆ ಬರುವ ಪ್ರಶ್ನೆಗಳಿಗೆ ಪ್ರೀತಿ ಉತ್ತರವಾಗುವುದಿಲ್ಲ. ಕುಮಟಾ ಶಿರಸಿ ನಡುವಿನ ದೇವಿಮನೆ ಘಟ್ಟ, ಅಣಶಿ ದಾರಿ, ಇವೆಲ್ಲ ಕಾಡು. ರಸ್ತೆ ಬಿಟ್ಟು ಒಳಗೆ ಗಾಡಿ ಇಳಿಸಿದರೆ ಅರಣ್ಯ ಇಲಾಖೆಯ ಕೇಸು ಬೇರೆ. ಕೆಲವು ವರ್ಷದ ಹಿಂದೆ ದೇವಿಮನೆ ತಿರುವಿನಲ್ಲಿ ಸಿಕ್ಕಿಬಿದ್ದ ಜೋಡಿಯೊಂದು ನನ್ನ ಆಫೀಸಿಗೆ ಬಂದಿತ್ತು. ಮದುವೆಯಾಗಿ ಎರಡು ವರ್ಷವಾದ ಗಂಡ ಹೆಂಡತಿ. ಮನೆಯಲ್ಲಿ ಹನ್ನೊಂದು ಜನ, ಕೋಣೆ ಎರಡು. ಅವರನ್ನು ನೋಡಿದ ಮೇಲೆ ಕಾರಿನಲ್ಲಿ ಕೂತವರ ಬಗ್ಗೆ ಹಗುರವಾಗಿ ಮಾತಾಡುವುದನ್ನು ನಾನು ಬಿಟ್ಟೆ. ಮದುವೆಯಾಗದ ವಯಸ್ಕ ಜೋಡಿ ಹೋಟೆಲಿನಲ್ಲಿ ಉಳಿಯುವುದನ್ನು ತಡೆಯುವ ಕಾನೂನು ಯಾವುದೂ ಇಲ್ಲ, 2019ರಲ್ಲಿ ಮದ್ರಾಸ್ ಹೈಕೋರ್ಟು ಹಾಗೆಂದೇ ಹೇಳಿದೆ. ಇಬ್ಬರ ಗುರುತಿನ ಚೀಟಿ ಬೇಕು, ಅಷ್ಟೆ. ಕೆಎ 30 ನಂಬರಿನ ಗಾಡಿ ಕಂಡರೆ ಯಾರ ಮಗ ಎಂದು ಕೇಳುವ ಊರಿನಲ್ಲಿ ಅದು ಸುಲಭವಲ್ಲ ಎಂಬುದು ನನಗೂ ಗೊತ್ತು.

ನೀವು ಈಗ ಮಾಡಬೇಕಾದದ್ದು. ಫೋನ್‌ಪೇ ವ್ಯವಹಾರದ ಸ್ಕ್ರೀನ್‌ಶಾಟ್, ಅದರಲ್ಲಿರುವ ಯುಟಿಆರ್ ನಂಬರು, ದುಡ್ಡು ಹೋದ ಖಾತೆಯ ಹೆಸರು ಅಳಿಸದೆ ಇಟ್ಟುಕೊಳ್ಳಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಮತ್ತೆ ಕರೆ ಬಂದರೆ ಒಂದು ರೂಪಾಯಿಯೂ ಕೊಡಬೇಡಿ, ಕರೆ ರೆಕಾರ್ಡ್ ಮಾಡಿ. ಮಾಜಾಳಿಯ ಘಟನೆಗೆ ಚಿತ್ತಾಕುಲ ಠಾಣೆಗೇ ಹೋಗಬೇಕೆಂದಿಲ್ಲ. ಹೊಸ ಕಾನೂನಿನ ಪ್ರಕಾರ ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಕೊಡಬಹುದು, ಕೆಲಸದ ದಾರಿಯಲ್ಲಿ ಸಿಗುವ ಗೋವಾದ ಕಾಣಕೋಣ ಠಾಣೆಯಲ್ಲೂ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ವಕೀಲರ ಖರ್ಚಿನ ಚಿಂತೆ ಇದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ನಂಬರು ಅದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವಿದೆ.

ಆದರೆ ಠಾಣೆಗೆ ಹೋಗುವ ಮೊದಲು ಅಂಕೋಲೆಗೆ ಹೋಗಿ. ಆ ಫೋಟೋದಲ್ಲಿ ಇರುವುದು ನೀವೊಬ್ಬರೇ ಅಲ್ಲ. ದೂರು ಕೊಟ್ಟರೆ ಪೊಲೀಸರು ಆಕೆಯ ಹೇಳಿಕೆಯನ್ನೂ ಕೇಳಬಹುದು, ಕೇಳಲು ಅವಳ ಮನೆಗೇ ಬರಬೇಕು, ಠಾಣೆಗೆ ಕರೆಸುವಂತಿಲ್ಲ. ಮನೆಗೆ ಬಂದರೆ ಮನೆಯವರಿಗೆ ತಿಳಿಯುತ್ತದೆ. ಇಬ್ಬರ ಅಪ್ಪ ಅಮ್ಮನಿಗೂ ನೀವೇ ಮೊದಲು ಹೇಳಿಬಿಡಬೇಕೋ ಬೇಡವೋ ಎಂಬುದನ್ನು ಅವಳ ಜೊತೆ ಕೂತು ತೀರ್ಮಾನಿಸಿ. ನನ್ನ ಕೇಳಿದರೆ ಹೇಳಿಬಿಡಿ. ಮದುವೆ ನಿಶ್ಚಯವಾದ ಮಕ್ಕಳು ಕಾರಿನಲ್ಲಿ ಕೂತಿದ್ದರು ಎಂದು ಕೇಳಿ ಬೈಯಬಹುದು, ಒಂದು ದಿನ ಮಾತು ಬಿಡಬಹುದು. ಆಮೇಲೆ ಆ ಇಬ್ಬರ ಹತ್ತಿರ ನಿಮ್ಮನ್ನು ಹೆದರಿಸಲು ಏನೂ ಉಳಿಯುವುದಿಲ್ಲ.